ಅವಳು ಮರಿ ಬಿಟ್ಟುಹೋಗುವ ಜಾಗ

ಮಾತ್ಫೇ ಮಾಲೂಟಿನ್ ಜನರ ಯೋಗ್ಯತೆ ಅಳೆಯುತ್ತಿದ್ದದ್ದು ಅವರ ಬೂಟು ನೋಡಿ. ಉತ್ತರದ ಚಳಿಗಡಲಿನ ದ್ವೀಪದಲ್ಲಿರುವ ನಮ್ಮ ನೂನಾಲಿಕ್ ಊರಿನ ದಕ್ಕೆಯ ಮೇಲೆ ಕರಡಿ ನೋಡಲೆಂದು ಇಳಿಯುವ ಪ್ರತಿಯೊಬ್ಬ ಅತಿಥಿಯ ಕಾಲನ್ನು ಮೊದಲು ನೋಡಿ, ಆಮೇಲೆ ಮನಸ್ಸಾದರೆ ಮುಖ ನೋಡುತ್ತಿದ್ದ. ಹೊಚ್ಚ ಹೊಸ ಬೂಟು, ಹಿಮ್ಮಡಿಯಲ್ಲಿ ಅಂಗಡಿ ಚೀಟಿಯ ಅಂಟು ಇನ್ನೂ ಹೋಗಿಲ್ಲ ಎಂದರೆ, ಕರಡಿ ಕಂಡ ಕೂಡಲೇ ಅಳುವ ಪೈಕಿ. ಹಳೆಯ ಬೂಟನ್ನು ಎಣ್ಣೆ ಹಚ್ಚಿ ಮಿರುಗಿಸಿಕೊಂಡು ಬಂದವನಾದರೆ, ಆಫ್ರಿಕಾದಲ್ಲಿ ಸಿಂಹ ನೋಡಿದ ಕಥೆ ಹೇಳಿ ಪ್ರಾಣ ತಿನ್ನುವ ಪೈಕಿ. ಇಪ್ಪತ್ತೆರಡು ಬೇಸಿಗೆಗಳಲ್ಲಿ ಅವನ ಲೆಕ್ಕ ತಪ್ಪಿದ್ದು ಎರಡೋ ಮೂರೋ ಸಲ. ಆಗಲೂ ತಪ್ಪು ಬೂಟಿನದೇ ಎಂದು ಅವನ ವಾದ.

ಅವನೇನು ಹುಟ್ಟುತ್ತಲೇ ಕರಡಿ ತೋರಿಸುವವನಾಗಿರಲಿಲ್ಲ. ಅಪ್ಪನಿಂದ ಬಂದ ಬಲೆದೋಣಿ ಇತ್ತು, ಸಾಲ್ಮನ್ ಜಾತಿಯ ಗೂನು ಮೀನು, ಕೆಂಪು ಮೀನು ಎಂದು ಬೇಸಿಗೆಯಿಡೀ ಬಲೆ ಎಳೆಯುತ್ತಿದ್ದ. ಯಾವುದೋ ದೇಶದಲ್ಲಿ ತೊಟ್ಟಿಯೊಳಗೆ ಕೋಳಿಯಂತೆ ಸಾಕಿದ ಮೀನು ಪೇಟೆಗೆ ಬಂದು ನಮ್ಮ ಸಮುದ್ರದ ಮೀನಿನ ಬೆಲೆ ನೆಲ ಕಚ್ಚಿದಾಗ ದೋಣಿ ಮಾರಿದ. ಅದೇ ವರ್ಷ ಡ್ವೈಟ್ ಕೆಸ್ಲರ್ ಎಂಬಾತ ಒಹಾಯೋ ಎಂಬ ಸಮುದ್ರವೇ ಇಲ್ಲದ ಸೀಮೆಯಿಂದ ಬಂದಿಳಿದ. ಬಾಗಿಲು ಹಾಕಿದ್ದ ಮೀನುಡಬ್ಬಿ ಕಾರ್ಖಾನೆಯನ್ನು ಕೊಂಡು, ಬಣ್ಣ ಬಳಿದು, ಪರದೆ ಕಟ್ಟಿ, 'ಕರಡಿ ಸ್ವರ್ಗ' ಎಂದು ಹಲಗೆ ತೂಗುಹಾಕಿದ. ಬಂದ ಹೊಸದರಲ್ಲಿ ದಾರಿಯ ಮೇಲಿನ ಕರಡಿ ಹಿಕ್ಕೆ ನೋಡಿ ಕುದುರೆ ಲದ್ದಿ ಎಂದ ಮಹಾನುಭಾವ ಅವನು. ಈ ದ್ವೀಪದ ನಮ್ಮ ಮಗ್ಗುಲಲ್ಲಿ ಕುದುರೆಯೇ ಇಲ್ಲ. ಇಂಥವನ ಕೈಕೆಳಗೆ ಮಾತ್ಫೇ ಕೆಲಸಕ್ಕೆ ಸೇರಿದ, ಅವನ ಅಕ್ಕ ಪರಸ್ಕೋವಿಯಾ ಅಡುಗೆಮನೆಗೆ ಸೇರಿದಳು. ಅಕ್ಕ ತಮ್ಮ ಇಬ್ಬರೂ ಮದುವೆಯಾದವರಲ್ಲ. ಚರ್ಚಿನ ಹಿಂದಿನ ಹಳೇ ಮನೆಯಲ್ಲಿ ಒಬ್ಬರನ್ನೊಬ್ಬರು ಬೈದುಕೊಂಡು ನೆಮ್ಮದಿಯಾಗಿದ್ದರು.

ಬೆಳಿಗ್ಗೆ ಅತಿಥಿಗಳನ್ನು ದೋಣಿಯಲ್ಲಿ ತುಂಬಿಕೊಂಡು ಗೂನು ಮೀನಿನ ಹೊಳೆಯ ಅಳಿವೆಗೆ ಕರೆದೊಯ್ಯುವುದು, ದಡದ ಮೇಲಿನ ಹುಲ್ಲುದಿಬ್ಬದಲ್ಲಿ ಕೂರಿಸುವುದು, ಕಡಲ ನೀರು ಇಳಿಯುವ ಮೊದಲು ವಾಪಸು ತರುವುದು, ಇಷ್ಟೇ ಕೆಲಸ. ಇಳಿತ ಶುರುವಾದ ಮೇಲೆ ತಡಮಾಡಿದರೆ ದೋಣಿ ಕೆಸರಿನಲ್ಲಿ ಕೂತುಬಿಡುತ್ತದೆ. ಹೊರಡುವ ಮುಂಚೆ ಮಾತ್ಫೇ ಒಂದೇ ಒಂದು ಉಪದೇಶ ಕೊಡುತ್ತಿದ್ದ.

“ಕೂತ್ಕೊಳ್ಳಿ ಅಂದ್ರೆ ಕೂತ್ಕೋಬೇಕು. ಏಳಿ ಅಂದ್ರೆ ಏಳ್ಬೇಕು. ಓಡಿ ಅಂತ ನಾನು ಯಾವತ್ತೂ ಹೇಳಲ್ಲ. ಹಂಗೆ ಕೇಳಿಸಿದ್ರೆ ಅದು ನಿಮ್ ಕಿವಿ ತಪ್ಪು.”

“ಕರಡಿ ಹತ್ರ ಬಂದ್ರೆ?” ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು.

“ಕೂತ್ಕೊಂಡಿರಿ.”

“ಇನ್ನೂ ಹತ್ರ ಬಂದ್ರೆ?”

“ನೆಟ್ಟಗೆ ಕೂತ್ಕೊಳ್ಳಿ.”

ಅತಿಥಿಯೊಬ್ಬಳು ಒಂದು ಸಲ ಕೇಳಿದ್ದಳು, ರಾತ್ರಿ ಹೊತ್ತು ಈ ಕರಡಿಗಳನ್ನು ಎಲ್ಲಿ ಕಟ್ಟಿಹಾಕುತ್ತೀರಿ ಎಂದು. ಕೈಯಲ್ಲಿದ್ದ ಮೀನಿನ ಕಡುಬನ್ನೂ ಕೆಳಗಿಡದೆ ಪರಸ್ಕೋವಿಯಾ ಎರಡು ದಿನ ನಕ್ಕಳು.

ಹೀಗೆ ಕಂಡವರನ್ನೆಲ್ಲ ಕಾಲಕಸ ಮಾಡುತ್ತಿದ್ದ ಮಾತ್ಫೇ ಒಂದೇ ಒಂದು ವಿಷಯದಲ್ಲಿ ಕಟ್ಟುನಿಟ್ಟು. ಕೂರುವ ಜಾಗ ಬದಲಾಗಕೂಡದು. ಅದೇ ಕಾಲುದಾರಿ, ಅದೇ ದಿಬ್ಬ, ಒಂದೇ ಸಾಲು, ಪಿಸುಮಾತು. ಇಪ್ಪತ್ತೆರಡು ವರ್ಷ ಒಂದೇ ಕಡೆ ಕೂತು ಕೂತು ಹೊಳೆಯ ಕರಡಿಗಳಿಗೆಲ್ಲ ಅದು ಪಾಠವಾಗಿತ್ತು. ಆ ದಿಬ್ಬದ ಮೇಲೆ ಎರಡು ಕಾಲಿನವು ಬಂದು ಕೂರುತ್ತವೆ, ಯಾರ ತಂಟೆಗೂ ಹೋಗುವುದಿಲ್ಲ, ಎದ್ದು ಹೋಗುತ್ತವೆ. ದೊಡ್ಡ ಗಂಡು ಕರಡಿಗಳಿಗೆ ಮಾತ್ರ ಮನುಷ್ಯನ ವಾಸನೆ ಆಗದು. ಶರತ್ಕಾಲದಲ್ಲಿ ಕೋವಿ ಹಿಡಿದು ಬರುವವರ ನೆನಪು ಅವಕ್ಕೆ ಇರುತ್ತದೆ. ಅವು ದಿಬ್ಬವನ್ನು ದೂರವಿಟ್ಟು ಆಲ್ಡರ್ ಪೊದೆಯೊಳಗೇ ಸುತ್ತಿ ಹೋಗುತ್ತಿದ್ದವು.

ಇದನ್ನು ಒಬ್ಬಳು ಹೆಣ್ಣು ಕರಡಿ ಅರ್ಥಮಾಡಿಕೊಂಡಳು. ಗಂಡು ಕರಡಿ ಕೈಗೆ ಸಿಕ್ಕಿದ ಮರಿಯನ್ನು ಉಳಿಸುವುದಿಲ್ಲ, ಮನುಷ್ಯರಿದ್ದ ಕಡೆಗೆ ಗಂಡು ಬರುವುದಿಲ್ಲ. ಎರಡೂ ಕೂಡಿಸಿ ನೋಡಿ, ಒಂಬತ್ತು ವರ್ಷದ ಹಿಂದೆ ಅವಳು ತನ್ನ ಮರಿಗಳನ್ನು ದಿಬ್ಬದ ಮುಂದಿನ ಒಣಮರದ ದಿಮ್ಮಿಯ ಹತ್ತಿರ, ಮಾತ್ಫೇಯ ಬೂಟಿನಿಂದ ಹದಿನೈದು ಹೆಜ್ಜೆ ದೂರದಲ್ಲಿ ಬಿಟ್ಟು, ತಿರುವಿನಾಚೆ ಮೀನು ಹಿಡಿಯಲು ಹೋಗಿಬಿಟ್ಟಳು. ನೀರಿಗೆ ಹೋಗುವಾಗ ಪಕ್ಕದ ಮನೆಯಲ್ಲಿ ಕೂಸು ಬಿಟ್ಟುಹೋದ ಹಾಗೆ. ಆವತ್ತಿನಿಂದ ಅದು ರೂಢಿಯಾಯಿತು. ಆ ಮರಿಗಳು ದೊಡ್ಡವಾಗಿ ಹೋದವು, ಮತ್ತೆ ಹೆತ್ತಳು, ಮತ್ತೆ ತಂದು ಬಿಟ್ಟಳು.

ಡ್ವೈಟ್ ಅವಳಿಗೆ ಬೆಲ್ಲಾ ಎಂದು ಹೆಸರಿಟ್ಟು ಜಾಹೀರಾತಿನ ಬಣ್ಣದ ಕಾಗದದಲ್ಲಿ ಅಚ್ಚುಹಾಕಿಸಿದ್ದ. ನಮ್ಮವರು ಕರಡಿಗೆ ಹೆಸರಿಡುವುದಿಲ್ಲ, ಅದರ ಮುಂದೆ ಜಂಬ ಕೊಚ್ಚುವುದಿಲ್ಲ. ಅದು ಎಲ್ಲಿದ್ದರೂ ಕೇಳಿಸಿಕೊಳ್ಳುತ್ತದೆ. ಮಾತ್ಫೇಗೆ ಅವಳು ಬರೀ 'ಅವಳು'. ಸಂಜೆ ಮನೆಗೆ ಬಂದು ಬೂಟು ಕಳಚುತ್ತ ಮೆಲ್ಲಗೆ ಹೇಳುತ್ತಿದ್ದ.

“ಇವತ್ತೂ ಬಿಟ್ಟೋಗಿದ್ಲು.”

“ಎಷ್ಟ್ ಹೊತ್ತು?”

“ಒಂದ್ ಗಂಟೆ ಮೇಲೇನೇ.”

“ನಿನ್ನ ನಂಬಿ ನಾನು ಒಲೆ ಮೇಲಿನ ಸಾರು ಬಿಟ್ಟೋಗಲ್ಲ,” ಎನ್ನುತ್ತಿದ್ದಳು ಅಕ್ಕ. “ಅವಳಿಗೇನ್ ಬಂತೋ ಕೇಡುಗಾಲ.”

ಮಾತ್ಫೇ ಆ ರಾತ್ರಿ ಎರಡು ತುಂಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದ. ಜಗತ್ತಿನಲ್ಲಿ ಅವನು ತಾತ್ಸಾರ ಮಾಡದೆ ಇದ್ದದ್ದು ಅದೊಂದನ್ನೇ, ಅವಳು ಮರಿ ಬಿಟ್ಟುಹೋಗುತ್ತಾಳೆ ಎಂಬುದನ್ನು.

ಆ ವರ್ಷ ಆಗಸ್ಟಿನಲ್ಲಿ ಹಾರ್ಲನ್ ಪ್ರೆಸ್ಕಾಟ್ ಬಂದ. ಶವಪೆಟ್ಟಿಗೆ ಮಾರಿ ದುಡ್ಡು ಮಾಡಿದವನು. ಸತ್ತವರು ವಾಪಸು ಬಂದು ತಕರಾರು ಹೇಳುವುದಿಲ್ಲವಾದ್ದರಿಂದ ತಾನು ಮಾಡಿದ್ದೆಲ್ಲ ಸರಿ ಎಂದು ನಂಬಿಕೊಂಡಿದ್ದವನು. ಬೂಟು ಹೊಸದು, ಕ್ಯಾಮೆರಾದ ಕೊಳವೆ ನಮ್ಮ ಒಲೆಯ ಹೊಗೆಕೊಳವೆಯಷ್ಟು ಉದ್ದ. ಜೊತೆಯಲ್ಲಿ ಅವನ ಮಾತಿಗೆಲ್ಲ ತಲೆಯಾಡಿಸುವ ಮೂವರು ಗೆಳೆಯರು. ಮೊದಲ ದಿನ ದಿಬ್ಬದ ಮೇಲೆ ಕೂತು ಅರ್ಧ ಗಂಟೆಯಾಗಿರಲಿಲ್ಲ, ಶುರುವಾಯಿತು.

“ಬೆಳಕು ಮುಖಕ್ಕೇ ಹೊಡೀತಿದೆ,” ಎಂದ ಪ್ರೆಸ್ಕಾಟ್.

“ಅದು ಸೂರ್ಯ,” ಎಂದ ಮಾತ್ಫೇ.

“ಗೊತ್ತಪ್ಪಾ ಸೂರ್ಯ ಅಂತ. ಆಚೆ ದಡದಲ್ಲಿ ಕೂತ್ರೆ ಬೆಳಕು ಬೆನ್ನಿಗೆ ಬರುತ್ತೆ. ಕರಡಿ ಮುಖ ಚೆನ್ನಾಗಿ ಬೀಳುತ್ತೆ.”

“ಆಚೆ ದಡದಲ್ಲಿ ಕೂರಲ್ಲ.”

“ಯಾಕೆ?”

“ಕೂರಲ್ಲ ಅಂತ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ದಿನದಿಂದ ಅವನ ಒಂದೊಂದು ಪಟ ಕೆಟ್ಟಾಗಲೂ ದಡದ ಮೇಲೆ ಆಪಾದನೆ. ಮಧ್ಯೆ ಮೂರು ದಿನ ಮಳೆ ಹಿಡಿಯಿತು. ಪ್ರೆಸ್ಕಾಟ್ ಅತಿಥಿಗೃಹದಲ್ಲಿ ಕೂತು ಡ್ವೈಟನ ತಲೆ ತಿಂದ. ಡ್ವೈಟ್ ಅಡುಗೆಮನೆಯ ಹಿಂಬಾಗಿಲಿಗೆ ಬಂದು ಮಾತ್ಫೇಯ ತಲೆ ತಿಂದ. ಅವನ ಬಾಯಲ್ಲಿ ಮಾತ್ಫೇ ಬರೀ 'ಮ್ಯಾಟ್'.

“ಮ್ಯಾಟ್, ಮುಂದಿನ ವರ್ಷ ಹನ್ನೆರಡು ಜನಾನ ಕರ್ಕೊಂಡ್ ಬರ್ತೀನಿ ಅಂತಿದಾನೆ ಕಣೋ. ಒಂದ್ ದಿನ ಆ ಕಡೆ ಕೂರ್ಸಿದ್ರೆ ನಿನ್ನ ಗಂಟೇನ್ ಹೋಗುತ್ತೆ?”

“ಹೊಳೆ ನಂದಲ್ಲ, ನಿಂದೂ ಅಲ್ಲ. ಕೂರೋ ಜಾಗ ಒಂದೇ.”

ಇಪ್ಪತ್ತೆರಡು ವರ್ಷ ಈ ಒಂದು 'ಇಲ್ಲ' ನಡೆದಿತ್ತು. ಇನ್ನೂ ಇಪ್ಪತ್ತು ವರ್ಷ ನಡೆಯುತ್ತಿತ್ತೋ ಏನೋ.

ನಾಲ್ಕನೆಯ ದಿನ ಮಳೆ ನಿಂತು ಬಿಸಿಲು ಬಂತು. ದಿಬ್ಬದ ಮೇಲೆ ಚಾಪೆಗಳನ್ನು ಹಾಸಿ ಕೂತರು. ಆಗ ಪ್ರೆಸ್ಕಾಟ್ ತಿರುಗಿಯೂ ನೋಡದೆ, ಹೋಟೆಲಿನ ಮಾಣಿಯನ್ನು ಕರೆಯುವಂತೆ ಮಾತ್ಫೇಯ ಕಡೆಗೆ ಬೆರಳಲ್ಲಿ ಎರಡು ಸಲ ಚಿಟಿಕೆ ಹೊಡೆದ.

“ನೋಡಯ್ಯಾ, ಕರಡಿ ತೋರ್ಸು ಅಂತ ದುಡ್ಡು ಕೊಟ್ಟಿರೋದು. ಅದರ ನೆರಳು ತೋರ್ಸು ಅಂತಲ್ಲ.”

ಮಾತ್ಫೇ ಆಚೆ ದಡ ನೋಡಿದ. ಮೊಣಕಾಲುದ್ದದ ಕಪ್ಪು ಕೆಸರು. ಗಾಳಿಯಾಡದ ತಗ್ಗು. ಮಳೆ ಬಿಟ್ಟ ದಿನ ಬಿಳಿಗಾಲಿನ ನೊಣಗಳು ಅಲ್ಲಿ ಮೋಡದಂತೆ ಏಳುತ್ತವೆ, ಕಚ್ಚಿದರೆ ಕಣ್ಣು ಬಾತು ಮುಚ್ಚಿಹೋಗುತ್ತದೆ. ಅವನ ಮುಖದಲ್ಲಿ ನಗು ಬಂತು. ಅತಿಥಿಗಳ ಮುಂದೆ ಅವನು ನಕ್ಕಿದ್ದು ಅದೇ ಮೊದಲು.

“ಬನ್ನಿ ಸ್ವಾಮಿ, ಹೋಗೋಣ,” ಎಂದ. “ನಿಮ್ ಇಷ್ಟದಂತೇ ಆಗ್ಲಿ.”

ಅವಳು ಬರಲು ಇನ್ನೂ ಒಂದು ಗಂಟೆಯಿದೆ ಎಂದು ಅವನ ಲೆಕ್ಕ. ಉಬ್ಬರ ಅರ್ಧ ಏರಿದ ಮೇಲೆ ಮೀನು ಬರುತ್ತದೆ, ಮೀನಿನ ಹಿಂದೆ ಅವಳು. ಅಷ್ಟರಲ್ಲಿ ಈ ಎರಡು ಕಾಲಿನ ಪ್ರಾಣಿಗಳಿಗೆ ಚೆನ್ನಾಗಿ ನೊಣ ಕಚ್ಚಿಸಿ ವಾಪಸು ತಂದು ಕೂರಿಸಬಹುದು. ಚಾಪೆಗಳನ್ನು ಅಲ್ಲೇ ಬಿಟ್ಟು ಮೇಲ್ಗಡೆಯ ಕಲ್ಲುಹಾಸಿನ ಹಾಯ್ಗಡದಲ್ಲಿ ಹೊಳೆ ದಾಟಿಸಿದ. ದಾಟುವಾಗ ನೀರು ಎಂದಿಗಿಂತ ಒಂದು ಗೇಣು ಮೇಲಿತ್ತು, ಬಣ್ಣ ಚಹಾದಂತಿತ್ತು. ಮಳೆನೀರು ತುಂಬಿದ ಹೊಳೆಗೆ ಮೀನು ಉಬ್ಬರಕ್ಕೆ ಕಾಯುವುದಿಲ್ಲ, ಮೊದಲೇ ನುಗ್ಗುತ್ತದೆ. ಇದನ್ನು ನೂನಾಲಿಕ್ಕಿನ ಐದು ವರ್ಷದ ಮಗು ಹೇಳುತ್ತದೆ. ಮಾತ್ಫೇ ನೀರನ್ನು ನೋಡಿದ, ನೋಡಿಯೂ ನೋಡಲಿಲ್ಲ. ಅವನ ಕಣ್ಣೆಲ್ಲ ಪ್ರೆಸ್ಕಾಟನ ಬೂಟಿನ ಮೇಲೆ.

ಆ ಅರ್ಧ ಗಂಟೆ ಅವನಿಗೆ ಈಸ್ಟರ್ ಹಬ್ಬ. ಪ್ರೆಸ್ಕಾಟನ ಎಡಗಾಲ ಬೂಟು ಕೆಸರಿನಲ್ಲಿ ಉಳಿದು ಕಾಲ್ಚೀಲ ಮಾತ್ರ ಮೇಲೆ ಬಂತು. ಒಬ್ಬ ಗೆಳೆಯನ ತುಟಿ ಬದನೆಕಾಯಿಯಂತೆ ಊದಿತು. ಇನ್ನೊಬ್ಬ ತನ್ನ ಕೆನ್ನೆಗೆ ತಾನೇ ಪಟಪಟ ಹೊಡೆದುಕೊಳ್ಳುತ್ತಿದ್ದ.

“ಬೆಳಕು ಹೆಂಗಿದೆ ಸ್ವಾಮಿ?” ಎಂದು ಮಾತ್ಫೇ ವಿನಯದಿಂದ ವಿಚಾರಿಸಿದ.

ಅಷ್ಟರಲ್ಲಿ ಎದುರು ದಡದ ಹುಲ್ಲು ಅಲುಗಿ ಅವಳು ಹೊರಬಂದಳು, ಹಿಂದೆ ಎರಡು ಮರಿ. ದಿಬ್ಬದ ಹತ್ತಿರ ನಿಂತು ಮೂಗೆತ್ತಿದಳು. ಚಾಪೆಗಳಲ್ಲಿ ಮನುಷ್ಯರ ವಾಸನೆ ಬೆಚ್ಚಗಿತ್ತು. ಕಾಲುದಾರಿಯಲ್ಲಿ ಅದೇ ವಾಸನೆ. ಅವಳಿಗೆ ಅಷ್ಟು ಸಾಕಾಯಿತು. ಮರಿಗಳನ್ನು ದಿಮ್ಮಿಯ ಹತ್ತಿರ ಬಿಟ್ಟು ತಿರುವಿನಾಚೆ ಇಳಿದುಹೋದಳು.

ಮಾತ್ಫೇ ಪ್ರೆಸ್ಕಾಟನ ಭುಜ ಹಿಡಿದು ಅಲುಗಿಸಿದ.

“ಏಳಿ,” ಎಂದ. “ವಾಪಸ್ ಹೋಗ್ಬೇಕು. ಈಗ್ಲೇ.”

“ಈಗ್ಲಾ?” ಪ್ರೆಸ್ಕಾಟ್ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. “ಈಗ್ತಾನೆ ಮರಿಗಳ ಮೇಲೆ ಬೆಳಕು ಬಿದ್ದಿದೆ. ಸುಮ್ನೆ ಕೂತ್ಕೊಳಯ್ಯಾ.”

“ಏಳಿ ಅಂದ್ರೆ ಏಳ್ಬೇಕು ಅಂತ ಹೇಳಿದ್ನೋ ಇಲ್ವೋ!”

“ನೀನೇ ಕರ್ಕೊಂಡ್ ಬಂದೆ, ನೀನೇ ಎಬ್ಬಿಸ್ತೀಯ. ಏನ್ ತಮಾಷೆನಾ?”

ಯಾರೂ ಏಳಲಿಲ್ಲ. ಹಾಯ್ಗಡಕ್ಕೆ ಹೋಗಿ ಸುತ್ತಿಬರಲು ಕಾಲು ಗಂಟೆ. ಅತಿಥಿಗಳನ್ನು ಕರಡಿ ಹೊಳೆಯಲ್ಲಿ ಒಂಟಿಯಾಗಿ ಬಿಟ್ಟು ಹೋಗುವಂತಿಲ್ಲ. ಮಾತ್ಫೇ ಎದ್ದ, ಕೂತ, ಮತ್ತೆ ಎದ್ದ. ಆಗಲೇ ಆಲ್ಡರ್ ಪೊದೆ ಸೀಳಿಕೊಂಡು ಗಂಡು ಕರಡಿ ಬಂತು. ದಿಬ್ಬ ಖಾಲಿ ಇರುವುದನ್ನು ಅದು ಕಣ್ಣಿಂದಲೇ ನೋಡಿಕೊಂಡಿತು. ಮಾತ್ಫೇ ಕೂಗಿದ, ತುಂಬಿದ ಹೊಳೆಯ ಸದ್ದಿನಲ್ಲಿ ಕೂಗು ದಿಬ್ಬದ ದಡ ಮುಟ್ಟಲಿಲ್ಲ. ಒಂದು ಮರಿ ನೀರಿಗೆ ಹಾರಿತು. ಇನ್ನೊಂದು ಚಾಪೆಗಳ ಕಡೆಗೆ ಓಡಿತು, ಯಾವಾಗಲೂ ಮನುಷ್ಯರು ಕೂರುವ ಕಡೆಗೆ. ತಾಯಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆದರೂ ಬಂದು ಗಂಡಿನ ಮೇಲೆ ಬಿದ್ದಳು, ಮುಂಗಾಲು ಸೀಳಿಸಿಕೊಂಡಳು, ನೀರಿನಂಚಿನಲ್ಲಿ ಉಳಿದ ಒಂದನ್ನು ಮೈಗೆ ಅವಚಿಕೊಂಡು ಹಿಂದೆ ಸರಿದಳು. ಗಂಡು ಸತ್ತ ಮರಿಯನ್ನು ಕಚ್ಚಿಕೊಂಡು ಪೊದೆಯೊಳಗೆ ಹೋಯಿತು. ಕ್ಯಾಮೆರಾ ಒಂದು ಕ್ಷಣವೂ ನಿಂತಿರಲಿಲ್ಲ.

“ಅದೃಷ್ಟ ಅಂದ್ರೆ ಇದು!” ಪ್ರೆಸ್ಕಾಟ್ ಕೆಸರುಗೈಯಲ್ಲೇ ಮಾತ್ಫೇಯನ್ನು ತಬ್ಬಿಕೊಂಡ. “ಆ ದಡದಲ್ಲೇ ಕೂತಿದ್ರೆ ಇದು ಸಿಗ್ತಿತ್ತೇನಯ್ಯಾ?”

ಸಿಗುತ್ತಿರಲಿಲ್ಲ. ಅಷ್ಟು ಮಾತ್ರ ಆ ಮೂರ್ಖ ಸರಿಯಾಗಿ ಹೇಳಿದ್ದ.

ಅಂದು ಸಂಜೆ ಊಟದ ಕೋಣೆಯ ದೊಡ್ಡ ಪರದೆಯ ಮೇಲೆ ಪಟಗಳನ್ನು ಹಾಕಿದರು. ಸಿಹಿ ತಿನ್ನುತ್ತ ಎಲ್ಲರೂ 'ಪ್ರಕೃತಿ ಎಷ್ಟು ಕ್ರೂರಿ' ಎಂದರು. ಪಾಪ, ಬಯ್ಯಲು ಅವರಿಗೆ ಪ್ರಕೃತಿ ಒಬ್ಬಳು ಸಿಕ್ಕಿದ್ದಳು. ಡ್ವೈಟ್ ಕೈ ಉಜ್ಜಿಕೊಳ್ಳುತ್ತ ಮುಂದಿನ ವರ್ಷದ ಬಣ್ಣದ ಕಾಗದಕ್ಕೆ ಯಾವ ಪಟ ಎಂದು ಆರಿಸುತ್ತಿದ್ದ. ತಟ್ಟೆ ಎತ್ತಲು ಬಂದ ಪರಸ್ಕೋವಿಯಾ ಪರದೆಯ ಮುಂದೆ ನಿಂತಳು. ಉಳಿದವರೆಲ್ಲ ಕರಡಿ ನೋಡಿದರೆ ಅವಳು ಪಟದ ಮೂಲೆಯನ್ನು ನೋಡಿದಳು. ಅಲ್ಲಿ ದಿಬ್ಬದ ಮೇಲೆ ಐದು ಖಾಲಿ ಚಾಪೆಗಳಿದ್ದವು. ಬಾಗಿಲ ಹತ್ತಿರ ನಿಂತಿದ್ದ ತಮ್ಮನ ಬಳಿಗೆ ಬಂದು ನಮ್ಮ ಭಾಷೆಯಲ್ಲಿ ಕೇಳಿದಳು.

“ನೀನೆಲ್ಲಿದ್ಯೋ?”

“ಆಚೆ ದಡದಲ್ಲಿ.”

“ಯಾಕೆ?”

ಮಾತ್ಫೇ ಸುಳ್ಳು ಹೇಳಬಹುದಿತ್ತು. ಡ್ವೈಟ್ ಬಲವಂತ ಮಾಡಿದ ಎಂದರೆ ಯಾರೂ ಅಲ್ಲ ಎನ್ನುತ್ತಿರಲಿಲ್ಲ.

“ಅವನಿಗೆ ನೊಣ ಕಚ್ಚಿಸೋಣ ಅಂತ,” ಎಂದ.

ಅಕ್ಕ ಬೈಯಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಎರಡು ದಿನ ಮನೆಯಲ್ಲಿ ಅವನ ಮುಂದೆ ಚಹಾ ಇಟ್ಟಳು, ರೊಟ್ಟಿ ಇಟ್ಟಳು, ಒಂದು ಮಾತೂ ಇಡಲಿಲ್ಲ.

ಮೂರನೆಯ ದಿನ ಡ್ವೈಟ್ ಸ್ವತಃ ಕೋವಿ ಹೆಗಲಿಗೇರಿಸಿಕೊಂಡು ದೋಣಿ ಹತ್ತಿದ. ಪ್ರೆಸ್ಕಾಟ್ ವಾಸ್ತವ್ಯ ಮುಂದುವರಿಸಿದ್ದ. ಉಳಿದ ಮರಿಯ ಕಥೆ ಏನಾಗುತ್ತದೋ ನೋಡಬೇಕಂತೆ. ಗೆಳೆಯರು ಬಾತ ಮುಖ ಹೊತ್ತು ಊರಿಗೆ ಹೋಗಿದ್ದರು, ಅವರ ಬದಲಿಗೆ ಪಟದ ಸುದ್ದಿ ಕೇಳಿ ಹೊಸಬರು ಮೂವರು ಬಂದಿದ್ದರು. ಈ ಸಲ ಮಾತ್ಫೇ ಯಾರ ಬೂಟನ್ನೂ ನೋಡಲಿಲ್ಲ. ಅದೇ ಕಾಲುದಾರಿಯಲ್ಲಿ ಕರೆದೊಯ್ದು ಅದೇ ದಿಬ್ಬದ ಮೇಲೆ ಕೂರಿಸಿದ. ಅವಳು ಇನ್ನು ಬರುವುದಿಲ್ಲ ಎಂದೇ ಅವನಿಗೆ ಖಾತ್ರಿ. ಬರದಿದ್ದರೇ ಚೆನ್ನ ಎಂದೂ ಅನ್ನಿಸಿತ್ತು.

ಬಂದಳು. ಮೂರು ಕಾಲಿನ ಮೇಲೆ, ಮುಂಗಾಲನ್ನು ಎತ್ತಿ ಹಿಡಿದು ಬಂದಳು. ಹಿಂದೆ ಒಂದೇ ಮರಿ. ದಿಬ್ಬದ ಮುಂದೆ ನಿಂತಳು, ಬಹಳ ಹೊತ್ತು ನಿಂತಳು. ಮಾತ್ಫೇಗೆ ತಲೆಯೆತ್ತಲಾಗಲಿಲ್ಲ. ಅವಳ ಪಕ್ಕೆ ಒಳಗೆ ಹೋಗಿತ್ತು. ಮೀನು ಹಿಡಿಯದೆ ಮೂರು ದಿನ, ಹಾಲು ಬತ್ತಿರಬೇಕು. ಮರಿಯನ್ನು ಜೊತೆಗೆ ನೀರಿಗಿಳಿಸಿದರೆ ತುಂಬಿದ ಹೊಳೆ ಬಿಡುವುದಿಲ್ಲ. ಬೇರೆ ಎಲ್ಲಿ ಬಿಟ್ಟಾಳು? ಮೂತಿಯಿಂದ ಮರಿಯನ್ನು ದಿಮ್ಮಿಯ ಕಡೆಗೆ ನೂಕಿ, ಕುಂಟುತ್ತ ತಿರುವಿನಾಚೆ ಹೋದಳು.

ಮೂರು ಕಾಲಿನಲ್ಲಿ ಮೀನು ಹಿಡಿಯುವುದೆಂದರೆ ಹೊತ್ತು ಹಿಡಿಯುವ ಕೆಲಸ. ಒಂದು ಗಂಟೆ ಕಳೆಯಿತು, ಬರಲಿಲ್ಲ. ಅಳಿವೆಯ ನೀರು ತುಂಬಿ, ನಿಂತು, ಇಳಿಯತೊಡಗಿತು. ಡ್ವೈಟ್ ಕೈಗಡಿಯಾರ ನೋಡಿಕೊಂಡ. ದಿಬ್ಬದ ಮೇಲೆ ಜಗಳವಾಡುವುದಾದರೂ ಪಿಸುಮಾತಿನಲ್ಲೇ ಆಡಬೇಕಲ್ಲ. ಇಬ್ಬರೂ ಹಾವುಗಳಂತೆ ಬುಸುಗುಟ್ಟಿದರು.

“ಮ್ಯಾಟ್, ಎಬ್ಬಿಸು ಎಲ್ರನ್ನೂ.”

“ಅವಳಿನ್ನೂ ಬಂದಿಲ್ಲ.”

“ದೋಣಿ ಕೂತ್ಕೊಳುತ್ತೆ ಕಣೋ.”

“ಕೂತ್ಕೊಳ್ಲಿ. ನಾಳೆ ಉಬ್ಬರಕ್ಕೆ ಏಳುತ್ತೆ.”

“ಈ ಜನಾನ ರಾತ್ರಿಯೆಲ್ಲಾ ಇಲ್ಲಿ ಕೂರಿಸ್ಲಾ? ತಲೆ ಕೆಟ್ಟಿದೆಯಾ ನಿಂಗೆ?”

ಆಗ ಆಲ್ಡರ್ ಪೊದೆ ಅಲುಗಿತು. ಗಾಳಿ ಇರಲಿಲ್ಲ. ಮರಿ ದಿಮ್ಮಿಗೆ ಒತ್ತಿಕೊಂಡಿತು. ಎಲ್ಲರಿಗಿಂತ ಮೊದಲು ಗಂಡು ಕರಡಿ ಪ್ರೆಸ್ಕಾಟನಿಗೆ ಕಂಡಿತು.

“ಅವನೇ!” ಎಂದ, ಕಣ್ಣು ಹೊಳೆಯಿತು. ಒಂದು ಕ್ಷಣ ಮಾತ್ಫೇಗೆ ಆಸೆ ಹುಟ್ಟಿತು. ಈ ಮನುಷ್ಯ ಪಟದಾಸೆಗಾದರೂ ಏಳುವುದಿಲ್ಲ, ಇಷ್ಟು ಜನ ಕೂತಿದ್ದರೆ ಗಂಡು ಮುಂದೆ ಬರುವುದಿಲ್ಲ. ಆದರೆ ಶವಪೆಟ್ಟಿಗೆ ಮಾರಿದವನಿಗೆ ತನ್ನ ವ್ಯಾಪಾರ ಗೊತ್ತಿತ್ತು. “ನಾವಿದ್ರೆ ಅವನು ಹೊರಗೆ ಬರಲ್ಲ, ಅಲ್ವಾ?” ಎಂದು ಡ್ವೈಟನನ್ನು ಕೇಳಿದ. “ಏಳೋಣ, ಎಲ್ರೂ ಏಳೋಣ. ದೋಣಿಯಿಂದ್ಲೇ ತೆಗೀಬಹುದು.”

ಹೊಸಬರು ಮೂವರೂ ಚಾಪೆ ಮಡಚಿದರು. ಮಾತ್ಫೇ ಏಳಲಿಲ್ಲ.

“ಏಳೋ,” ಎಂದ ಡ್ವೈಟ್.

“ನಾನು ಬರಲ್ಲ.”

“ಬರ್ದೇ ಇದ್ರೆ ಕೆಲಸ ಹೋಯ್ತು ಅಂತ ತಿಳ್ಕೋ.”

“ತಿಳ್ಕೊಂಡೆ.”

“ಒಂದ್ ಕರಡಿಮರಿಗೋಸ್ಕರ? ಇಪ್ಪತ್ತೆರಡು ವರ್ಷ ಕಣೋ!”

“ಹೋಗ್ ಡ್ವೈಟ್, ನಿನ್ನ ನೀರು ಇಳೀತಿದೆ.”

ಹೋದರು. ಕೋವಿ ಡ್ವೈಟನ ಹೆಗಲ ಮೇಲೆ ದೋಣಿ ಹತ್ತಿತು. ಪ್ರೆಸ್ಕಾಟ್ ದೋಣಿಯ ಹಿಂಭಾಗದಲ್ಲಿ ಕೊಳವೆ ನೆಟ್ಟು ಕೂತ. ಆದರೆ ತಳ ಆಗಲೇ ಕೆಸರು ಕೆರೆಯುತ್ತಿತ್ತು, ಒಂದು ನಿಮಿಷ ನಿಲ್ಲುವಂತಿರಲಿಲ್ಲ. ನಿಲ್ಲಿಸು ನಿಲ್ಲಿಸು ಎಂದು ಅವನು ಡ್ವೈಟನಿಗೆ ಚಿಟಿಕೆ ಹೊಡೆಯುತ್ತಿದ್ದದ್ದು ಬಹುದೂರದವರೆಗೆ ಕಾಣುತ್ತಿತ್ತು.

ದೋಣಿಯ ಸದ್ದು ಅಡಗಿದ ಮೇಲೆ ಗಂಡು ಕರಡಿ ಹೊರಗೆ ಬಂತು. ದಿಬ್ಬದ ಮೇಲೆ ಯಾವಾಗಲೂ ಇರುವ ಸಾಲು ಇರಲಿಲ್ಲ. ಒಬ್ಬ ಮುದುಕ ಕೂತಿದ್ದ. ಒಬ್ಬನೇ ಎಂದರೆ ಎಷ್ಟರವನು ಎಂದು ಅದು ಯೋಚಿಸಿದಂತಿತ್ತು. ನಲವತ್ತು ಹೆಜ್ಜೆ ದೂರದಲ್ಲಿ ನಿಂತು ಮೂಗೆಳೆಯಿತು, ಐದು ಹೆಜ್ಜೆ ಮುಂದೆ ಬಂತು. ಮಾತ್ಫೇ ಕೂತಲ್ಲೇ ಕೂತಿದ್ದ. ಐದಾರು ಜನರ ಸದ್ದು ಒಬ್ಬನೇ ಮಾಡಬೇಕು. ಇಪ್ಪತ್ತೆರಡು ವರ್ಷ ಪಿಸುಮಾತಾಡಿದ ಜಾಗದಲ್ಲಿ ಅವನು ಬಾಯಿ ತೆರೆದ.

“ಬಾರೋ, ಬಾ! ಕೂಸು ತಿನ್ನೋ ಗಂಡಸೇ! ಹೊಳೆ ತುಂಬಾ ಮೀನಿದೆ, ನಿನ್ನ ಹೊಟ್ಟೆ ಸುಟ್ಟುಹೋಗ, ನಿಂಗೆ ಇದೇ ಬೇಕಾ? ಇಷ್ಟ್ ದೊಡ್ಡ ಮೈ ಹೊತ್ಕೊಂಡು ಬೆಕ್ಕಿನಷ್ಟಿರೋದರ ಮೇಲೆ ಪೌರುಷ! ಬಾ, ಆ ದೋಣೀಲಿ ನಿಂಗೊಬ್ಬ ಅಣ್ಣ ಇದ್ದಾನೆ, ಹೆಣದ ಪೆಟ್ಟಿಗೆ ಮಾರ್ತಾನೆ, ಇಬ್ರೂ ಸೇರಿ ಅಂಗಡಿ ಇಟ್ಕೊಳ್ಳಿ!”

ಗಂಡು ನಿಂತಿತು. ಹೊಳೆದಂಡೆಯಲ್ಲಿ ಇಷ್ಟು ದೊಡ್ಡ ಮನುಷ್ಯನ ದನಿ ಅದು ಕೇಳಿದ್ದು ಕೋವಿಯ ಜೊತೆಗೇ ಇರಬೇಕು. ಮಾತ್ಫೇ ಉಸಿರು ತೆಗೆದುಕೊಳ್ಳಲೂ ಬಿಡುವು ಕೊಡಲಿಲ್ಲ. ಪ್ರೆಸ್ಕಾಟನನ್ನು ಬೈದ, ಅವನ ಬೂಟನ್ನು ಬೈದ. ಡ್ವೈಟನನ್ನು, ಅವನ ಒಹಾಯೋವನ್ನು, ಅವನು ಕಟ್ಟಿದ ಪರದೆಗಳನ್ನು ಬೈದ. ಆಫ್ರಿಕಾದ ಸಿಂಹಗಳನ್ನು ಬಿಡಲಿಲ್ಲ. ತೊಟ್ಟಿಯಲ್ಲಿ ಮೀನು ಸಾಕುವವರ ವಂಶವನ್ನು ಮೂರು ತಲೆಮಾರು ಹಿಂದಕ್ಕೆ ಹೋಗಿ ಜಾಲಾಡಿದ. ಇಪ್ಪತ್ತೆರಡು ಬೇಸಿಗೆ ನುಂಗಿಕೊಂಡಿದ್ದ ತಾತ್ಸಾರವೆಲ್ಲ ದಂಡೆಗೆ ಬಂತು. ಸ್ವಲ್ಪ ನಿಲ್ಲಿಸಿದರೆ ಗಂಡು ಒಂದು ಹೆಜ್ಜೆ ಮುಂದೆ ಬರುತ್ತಿತ್ತು, ಮತ್ತೆ ಶುರುವಾದರೆ ಹಿಂದೆ ಸರಿಯುತ್ತಿತ್ತು. ಕೊನೆಗೆ ಅದು ಪೊದೆಯ ಅಂಚಿನಲ್ಲಿ ಕೂತು, ಬೈಗುಳ ಮುಗಿಯಲಿ ಎಂದು ಕಾಯತೊಡಗಿತು. ಮಾತ್ಫೇ ಮುಗಿಸಲಿಲ್ಲ. ಮರಿ ಮೊದಮೊದಲು ಹೆದರಿತ್ತು, ಆಮೇಲೆ ಅವನ ದನಿಯ ಕಡೆಗೇ ನಾಲ್ಕು ಹೆಜ್ಜೆ ಸರಿದು ಮುದುಡಿ ಮಲಗಿತು.

ಬಿಸಿಲು ಓರೆಯಾಗುವ ಹೊತ್ತಿಗೆ ಅವಳು ಬಂದಳು, ಬಾಯಲ್ಲಿ ಮೀನು. ಕೂಗಾಡುತ್ತಿದ್ದ ಮನುಷ್ಯನನ್ನು ಕಂಡು ಹುಲ್ಲಿನಲ್ಲೇ ನಿಂತುಬಿಟ್ಟಳು. ಮಾತ್ಫೇ ತಟ್ಟನೆ ಬಾಯಿ ಮುಚ್ಚಿ, ತಲೆ ತಗ್ಗಿಸಿದ. ಅವಳು ಪೊದೆಯ ಅಂಚನ್ನು ನೋಡಿದಳು, ದಿಮ್ಮಿಯ ಹತ್ತಿರ ಬಂದು ಮೀನನ್ನು ಮರಿಯ ಮುಂದೆ ಹಾಕಿದಳು. ಅದು ತಿನ್ನುವವರೆಗೆ ಕಾದು, ಮುಂದೆ ಬಿಟ್ಟುಕೊಂಡು ಹೊಳೆಯ ಕೆಳಗಿನ ಕಡಲದಂಡೆಗೆ ಕುಂಟುತ್ತ ಹೋದಳು. ತಿರುಗಿ ನೋಡಲಿಲ್ಲ. ಯಾಕೆ ನೋಡ್ತಾಳೆ?

ಗಂಡು ಕರಡಿ ಇನ್ನೊಂದು ಕಡೆಗೆ ಎದ್ದುಹೋಯಿತು. ಅಳಿವೆ ಬರಿದಾಗಿ ಕೆಸರು ಮಿನುಗುತ್ತಿತ್ತು. ಊರಿಗೆ ಕಡಲಂಚಿನಲ್ಲಿ ಮೂರು ಗಂಟೆಯ ನಡಿಗೆ. ಮಾತ್ಫೇ ಏಳಲಿಲ್ಲ. ಗಂಟಲು ಹರಿದುಹೋಗಿತ್ತು, ಆದರೂ ಬೈಯುವ ಕೆಲಸ ಮುಗಿದಿರಲಿಲ್ಲ. ಎಲ್ಲರ ಸರದಿ ಆಗಿತ್ತು, ಒಬ್ಬ ಉಳಿದಿದ್ದ. ಅವನಿಗೆ ಹೇಳುವ ಮಾತು ದೊಡ್ಡದಿರಲಿಲ್ಲ, ಕೂಗಿ ಹೇಳಬೇಕಾಗಿಯೂ ಇರಲಿಲ್ಲ.

“ಎರಡು ಬಿಟ್ಟೋಗಿದ್ಲಲ್ಲೋ ಮಾತ್ಫೇ,” ಎಂದ. “ಎರಡು.”